ಚಾಂದಸಾಬನ ಸಾಯುವ ಪಾರ್ಟು

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ನನ್ನಷ್ಟು ಚೆಂದ ಸಾಯುವವರು ಇನ್ನೊಬ್ಬರಿರಲಿಲ್ಲ. ನಂಬದಿದ್ದರೆ ನೀವೇ ಹೋಗಿ ಯಾವ ಹಮಾಲನನ್ನಾದರೂ ಕೇಳಿ, ಚಾಂದಸಾಬನ ಹಾರ್ಟ್ ಅಟ್ಯಾಕ್ ನೋಡಿದ್ದೀಯಾ ಅಂತ. ಟೆಂಟ್ ಟಾಕೀಸಿನ ಸಿನಿಮಾಗಳಲ್ಲಿ ಸಾಯುತ್ತಿದ್ದ ಅಪ್ಪಂದಿರೆಲ್ಲ ನನ್ನೆದುರು ಲೆಕ್ಕಕ್ಕಿಲ್ಲ. ಬಲಗೈಯಿಂದ ಎಡ ಎದೆ ಹಿಡಿಯಬೇಕು. ಕಣ್ಣು ಮೇಲಾಗಬೇಕು. ಗೋಡೆ ಸವರುತ್ತ ಅರ್ಧ ಸುತ್ತು ತಿರುಗಬೇಕು. “ಮಗಳೇ, ನಿನ್ನನ್ನು ಹೆತ್ತವನು ನಾನಲ್ಲ, ನಿನ್ನ ನಿಜವಾದ ತಂದೆ...” ಎಂದು ಹೆಸರು ಹೇಳುವುದರೊಳಗೆ ಚೀಲಗಳ ಮೇಲೆ ದೊಪ್ಪನೆ ಬೀಳಬೇಕು. ದಲಾಲರು ಕೂಡ ತೂಕ ನಿಲ್ಲಿಸಿ ನೋಡುತ್ತಿದ್ದರು.

ತೊಟ್ಟು ಬಿಡಿಸುವ ಹೆಂಗಸರ ಸಾಲಿನಲ್ಲಿ ನನ್ನಮ್ಮ ಮೈಮುನಾಬಿ ಕೂರುತ್ತಿದ್ದಳು. ನನ್ನ ಸಾವಿಗೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವಳು ಅವಳೇ. ಸೆರಗನ್ನು ಬಾಯಿಗೆ ಹಿಡಿದು ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡು ಮತ್ತೆ ನಗುತ್ತಿದ್ದಳು.

ಪೇಟೆಯಲ್ಲಿ ಕೆಮ್ಮದವರು ಯಾರೂ ಇಲ್ಲ. ಗಾಳಿಯೇ ಖಾರ. ಉಸಿರು ಕಟ್ಟಿದರೆ ಘಾಟು, ಎದೆ ಉರಿದರೂ ಘಾಟು. ಮದ್ದೂ ಒಂದೇ, ಬಾಯಿಗೊಂದು ಬೆಲ್ಲದ ಚೂರು, ಮೇಲೊಂದಿಷ್ಟು ನೀರು. ಎಂಬತ್ತೊಂಬತ್ತರ ಆ ಹಂಗಾಮಿನಲ್ಲಿ ಅಮ್ಮ ನೀರಿನ ಕೊಡ ಹೊತ್ತು ನಿಂತು ನಿಂತು ಮನೆಗೆ ಬರುತ್ತಿದ್ದಳು. ಅದಕ್ಕೂ ನಾವು ಘಾಟು ಎಂದೇ ಹೆಸರಿಟ್ಟಿದ್ದೆವು.

ಒಂದು ದಿನ ಬೆಳಿಗ್ಗೆ, ಪೇಟೆ ತುಂಬ ಕೆಂಪು ರಾಶಿ ಬಿದ್ದಿದ್ದಾಗ, ಅಮ್ಮ ತೊಟ್ಟು ಬಿಡಿಸುವುದನ್ನು ನಿಲ್ಲಿಸಿ ದವಡೆ ಹಿಡಿದುಕೊಂಡಳು. ಹಲ್ಲುನೋವಿರಬೇಕು ಅಂದಳು. ಎಡಗೈ ಜೋಮು ಹಿಡಿದಿದೆ ಅಂತಲೂ ಅಂದಳು. ನೆರಳಿನಲ್ಲಿ ಕೂತವಳ ಕುಪ್ಪಸ ಬೆವರಿಗೆ ತೊಯ್ದುಹೋಗಿತ್ತು. ಪಕ್ಕದಲ್ಲಿದ್ದ ಗದಿಗೆವ್ವ ತನ್ನ ಗಂಟಿನಿಂದ ಬೆಲ್ಲ ತೆಗೆದು ಕೊಟ್ಟಳು. ಅಮ್ಮ ಅದನ್ನು ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಳು.

“ಎದಿ ಏನರ ನೋಯಾಕತ್ತೈತೇನ ಮೈಮುನಾ?” ಗದಿಗೆವ್ವ ಕೇಳಿದಳು. “ದವಾಖಾನಿಗೆ ಹೋಗಿ ಬರೂಣೇನ?”

ಅಮ್ಮ ನನ್ನ ಕಡೆ ನೋಡಿ ನಗಲು ನೋಡಿದಳು. “ಎದಿ ಬ್ಯಾನಿ ಅಂದ್ರ ನಮ್ಮ ಚಾಂದಾ ಮಾಡ್ತಾನಲ್ಲ, ಹಂಗ ಬರ್ತೈತವ್ವ. ನಂದು ಬರೇ ಘಾಟು.”

ಸಾಲಿಗೆ ಸಾಲೇ ನಕ್ಕಿತು. ನಾನು ಎದೆ ಮುಟ್ಟಿಕೊಂಡು ಎಲ್ಲರಿಗೂ ಸಲಾಮು ಹೊಡೆದೆ.

ಮುಂದಿನದನ್ನು ಯೂಸುಫಸಾಬನ ಚಹಾದಂಗಡಿಯಲ್ಲಿ ಹೀಗೆ ಹೇಳುತ್ತಾರೆ. ಅಮ್ಮ ಕುಸಿದಳಂತೆ. ಚಾಂದಾ ಅವಳನ್ನು ಎರಡೂ ತೋಳುಗಳಲ್ಲಿ ಎತ್ತಿಕೊಂಡು ಓಡಿದನಂತೆ. ಬರುವ ಲಾರಿಗೆ ಅಡ್ಡ ನಿಂತು, ನನ್ನ ತಾಯಿ ಉಸಿರು ನಿಂತರೆ ಈ ಪೇಟೆಯ ಉಸಿರೂ ನಿಲ್ಲುತ್ತೆ ಅಂದನಂತೆ. ಕೇಳಿದವರ ಚಹಾ ಕೈಯಲ್ಲೇ ಆರಿಹೋಗುತ್ತದೆ. ಈ ಕಥೆ ಕಟ್ಟಿದವನು ನಾನೇ. ಡೈಲಾಗೂ ನನ್ನದೇ.

ಅಮ್ಮ ಕುಸಿಯಲೇ ಇಲ್ಲ. ಬೆಲ್ಲದ ಮುಷ್ಟಿ ಬಿಡದೆ, ಇನ್ನೊಂದೇ ಕೈಯಲ್ಲಿ ಬಹಳ ಹೊತ್ತು ತೊಟ್ಟು ಬಿಡಿಸುತ್ತ ಕೂತಿದ್ದಳು. ತುಟಿ ನೀಲಿಗಟ್ಟಿದ್ದನ್ನು ಕಂಡು ಗದಿಗೆವ್ವ ಬೈದ ಮೇಲೆ ನಾನು ಟೆಂಪೊ ಕರೆದೆ. ರಾಶಿಗಳ ನಡುವೆ ಟೆಂಪೊ ಒಳಗೆ ಬರುವಂತಿರಲಿಲ್ಲ, ಗೇಟಿನ ಹತ್ತಿರ ನಿಂತಿತು. ಅಮ್ಮ ಕೂತಿದ್ದ ಪಕ್ಕದಲ್ಲೇ ಚೀಲ ಹೇರಿದ ತಳ್ಳುಗಾಡಿ ಇತ್ತು. ಚೀಲ ಇಳಿಸಿ ಅಮ್ಮನನ್ನು ಅದರ ಮೇಲೆ ಮಲಗಿಸುತ್ತೇನೆ ಅಂದೆ.

“ಬ್ಯಾಡೋ. ಅಡ್ಡಾದ್ರ ಉಸರ ಹಿಡೀತೈತಿ,” ಅಂದಳು. “ಗಾಡಿ ಮ್ಯಾಲ ಒಯ್ಯಾಕ ನಾನೇನ ಸತ್ತ ಮಯ್ಯತೇನು? ನಡೀತೇನಿ.”

ಕೂರಿಸಿಯಾದರೂ ತಳ್ಳಬಹುದಿತ್ತು. ಅದು ನನಗೆ ಹೊಳೆಯಲಿಲ್ಲ. ನಡೆಯುವವಳಿಗೆ ಏನಾಗಿರುತ್ತದೆ ಅಂದುಕೊಂಡೆ. ರಾಶಿಯಿಂದ ರಾಶಿಗೆ ನಿಂತು ನಿಂತು ಅವಳು ಇಡೀ ಪೇಟೆ ದಾಟಿದಳು. ಅಮ್ಮನಿಗೂ ಪಾರ್ಟು ಕಲಿಸಿದೆಯಾ ಎಂದು ಹಮಾಲರು ನಗುತ್ತಿದ್ದರು. ನಾನು ಅವಳ ಬುತ್ತಿ ಡಬ್ಬಿ ಹಿಡಿದು ಹಿಂದೆ ಹಿಂದೆ ನಡೆದೆ.

ಹಾವೇರಿ ದವಾಖಾನೆಯ ದಾರಿಯಲ್ಲಿ ಟೆಂಪೊ ಮೋಟೆಬೆನ್ನೂರು ದಾಟಿದ ಮೇಲೆ ಅವಳ ತಲೆ ನನ್ನ ಹೆಗಲಿಗೆ ಬಿತ್ತು. ನಿದ್ದೆ ಹತ್ತಿತು ಅಂದುಕೊಂಡು ನಾನು ಹಾವೇರಿವರೆಗೂ ಅಲುಗಾಡದೆ ಕೂತೆ.

ಡಾಕ್ಟರು ಸಿಟ್ಟಾಗಲಿಲ್ಲ. ಹೃದಯದ ನೋವು ದವಡೆಗೂ ಬರುತ್ತದೆ, ತೋಳಿಗೂ ಬರುತ್ತದೆ, ಕೆಲವರಿಗೆ ನೋವೇ ಇಲ್ಲದೆ ಬರೀ ಬೆವರು, ಏದುಸಿರು ಅಷ್ಟೇ ಅಂದರು. ಬೆವರು ಕಂಡಾಗಲೇ ಹೊರಡಬೇಕಿತ್ತು, ಅವಳನ್ನು ಒಂದು ಹೆಜ್ಜೆಯೂ ನಡೆಸಬಾರದಿತ್ತು ಅಂದರು. ನಡೆದುಕೊಂಡು ಬಂದಳು ಎಂದು ನಾನು ಅವರಿಗೆ ಹೇಳಿರಲಿಲ್ಲ. ಅವಳ ಕಾಲಿಗೆ ಮೆತ್ತಿದ್ದ ಕೆಂಪು ಪುಡಿಯನ್ನು ಅವರು ನೋಡುತ್ತಿದ್ದರು.

ನರ್ಸು ಅಮ್ಮನ ತಣ್ಣಗಾದ ಮುಷ್ಟಿ ಬಿಡಿಸಿ, ಒಳಗಿದ್ದುದನ್ನು ನನ್ನ ಅಂಗೈಗೆ ಹಾಕಿದಳು. ಬೆವರಿಗೆ ಕರಗಿದ ಬೆಲ್ಲ, ಅದಕ್ಕೆ ಅಂಟಿಕೊಂಡ ಮೆಣಸಿನ ಬೀಜ. ಹೊರಗಿನ ಬೇವಿನ ಮರದ ಕೆಳಗೆ ಕೂತು ಅದನ್ನು ಬಾಯಿಗೆ ಹಾಕಿಕೊಂಡೆ. ಅಲ್ಲಿ ಘಾಟು ಇರಲಿಲ್ಲ. ಆದರೂ ಬಹಳ ಹೊತ್ತು ಕೆಮ್ಮಿದೆ.