ಹಾಸುಗಲ್ಲಿನೊಳಗಿನ ಗಿಡ

ಒಗೆಯುವ ಹಾಸುಗಲ್ಲು ಸೀಳಿದ್ದು ಸೋಮವಾರ ಬೆಳಿಗ್ಗೆ. ಸೀರೆಯನ್ನು ಇನ್ನೊಮ್ಮೆ ಬಡಿಯುವಷ್ಟರಲ್ಲಿ ಮೇಲಿನ ಪದರು ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಗೇಣುದ್ದದ ಕರಿ ಗಿಡವೊಂದು ಟೊಂಗೆ ಟೊಂಗೆಯಾಗಿ ಹರಡಿಕೊಂಡಿತ್ತು. ಗುರುದೇವಿ ಸೋಪಿನ ಕೈ ಒರೆಸಿಕೊಂಡು ಅದನ್ನೇ ನೋಡುತ್ತ ಕುಳಿತಳು. ಕರೆದು ತೋರಿಸೋಣವೆಂದರೆ ಮನೆಯಲ್ಲಿ ಯಾರಿದ್ದಾರೆ?

ಗಂಡ ತೀರಿ ಏಳು ವರ್ಷ. ಗೋಗಿ ಊರಿನ ಶಾಲೆಯಲ್ಲಿ ಅವಳದು ಬಿಸಿಯೂಟದ ಅಡುಗೆ. ಇನ್ನೂರು ಮಕ್ಕಳು ಅವಳ ಕೈಯಡುಗೆ ಉಣ್ಣುತ್ತಿದ್ದವು, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಆದರೆ ಓಣಿಯಲ್ಲಿ ತೊಟ್ಟಿಲು, ಬಸುರಿಯ ಕುಬಸ, ಮದುವೆ ಏನಿದ್ದರೂ ಆರತಿಯ ಹೊತ್ತಿಗೆ ಅವಳು ಎದುರಿಗೆ ಇರಬಾರದು. ಕೈ ಅನ್ನಕ್ಕೆ ನಡೆಯುತ್ತದೆ, ಆರತಿಗೆ ನಡೆಯುವುದಿಲ್ಲ; ನಮ್ಮ ಮಂದಿಯ ನ್ಯಾಯವೇ ಹಾಗೆ. ಮುತ್ತೈದೆಯರ ಹಾಡನ್ನು ಗೋಡೆಯಾಚೆಯಿಂದ ಕೇಳಿ ಕೇಳಿ, ಕರೆಯದ ಕಡೆ ಹೋಗುವುದನ್ನು ಅವಳೇ ಬಿಟ್ಟಿದ್ದಳು.

ಗಿಡ ಮೂಡಿದ್ದ ಆ ಪದರುಗಲ್ಲನ್ನು ಚೀಲಕ್ಕೆ ಹಾಕಿಕೊಂಡು ಶಾಲೆಗೆ ಒಯ್ದಳು. ವಿಜ್ಞಾನದ ಮಾಸ್ತರ ಚೇತನಕುಮಾರ ತಿರುಗಿಸಿ ತಿರುಗಿಸಿ ನೋಡಿದ.

"ಪಳೆಯುಳಿಕೆ ಇದ್ದಂಗದ ಅಕ್ಕಾರ. ಭಾಳ ಹಿಂದಿನ ಗಿಡ ಮಣ್ಣಾಗ ಹುಗದು ಹಿಂಗ ಕಲ್ಲಾಗಿರ್ತದ. ಖಾತ್ರಿ ಹೇಳಾಕ ನನಗ ಬರಂಗಿಲ್ಲ ಮತ್ತ."

ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಂಜೆಯೊಳಗೆ ಅದು ಕಲ್ಲಾದ ತುಳಸಿಯಾಗಿತ್ತು. ಮಾಸ್ತರರೇ ಹೇಳಿದ ಮೇಲೆ ಇನ್ನೇನು!

ಪಕ್ಕದ ಮನೆಯ ಶಾಂತಾದೇವಿ, ಓಣಿಯ ಎಲ್ಲ ಕಾರ್ಯಕ್ಕೂ ಹಿರಿಯಳು, ಬಸುರಿ ಸೊಸೆ ದೇವಿಕಾಳನ್ನು ಕರೆದುಕೊಂಡು ಏಳು ವರ್ಷದ ಮೇಲೆ ಗುರುದೇವಿಯ ಹೊಸ್ತಿಲು ದಾಟಿದಳು. ಕಲ್ಲಿಗೆ ಕೈ ಮುಗಿದು, "ತುಳಸವ್ವ ನಿನ್ನ ಕೈಗೇ ಬಂದಾಳ. ಶುಕ್ರವಾರ ಪೂಜಿ ಮಾಡೂಣು. ಮೊದಲ ಆರತಿ ನಿಂದ" ಎಂದಳು.

ಗುರುದೇವಿಗೆ ಅಳು ಉಕ್ಕಿ ಬಂತು. ಆಮೇಲಿನ ಮೂರು ದಿನವೂ ಮನೆ ತುಂಬ ಹೆಣ್ಣುಮಕ್ಕಳು. ಚಹಾಕ್ಕೆ ಕಪ್ಪು ಸಾಲದೆ ನೀರಿನ ಲೋಟದಲ್ಲಿ ಕೊಟ್ಟಳು.

ಗುರುವಾರ ಕಲ್ಲಿನ ಅಂಚು ಸರಿ ಮಾಡಿಸಲು ಊರ ಹೊರಗೆ ಫರಸಿ ಹಾಸುಗಲ್ಲು ಮಾರುವ ಮೈನುದ್ದೀನನ ಹತ್ತಿರ ಹೋದಳು. ನಲವತ್ತು ವರ್ಷ ಕಲ್ಲು ಸೀಳಿದ ಮನುಷ್ಯ. ಅವನು ಉಳಿ ಕೆಳಗಿಟ್ಟ.

"ಇದು ಗಿಡ ಅಲ್ಲ ತಂಗಿ."

"ಮಾಸ್ತರು ಹೇಳ್ಯಾರ."

"ಅವರದೇನೂ ತಪ್ಪಿಲ್ಲ, ನೋಡಾಕ ಗಿಡಾನೇ. ಆದ್ರ ಇದರಾಗ ಎಲಿ ತೋರಸು. ಎಲಿ ನಡುವಿನ ನರ ತೋರಸು."

ಗುರುದೇವಿ ಬೆರಳಿಟ್ಟು ಹುಡುಕಿದಳು. ಎಲೆ ಇರಲಿಲ್ಲ, ಬೇರೂ ಇರಲಿಲ್ಲ. ಟೊಂಗೆಗಳೆಲ್ಲ ಕಲ್ಲಿನ ಅಂಚಿನ ಬಿರುಕಿನಿಂದಲೇ ಹೊರಟಿದ್ದವು.

"ಬಿರುಕಿನಾಗ ನೀರು ಇಳೀತದ. ನೀರಿನಾಗಿನ ಕರೀ ಬಣ್ಣ ಪದರಿನ ನಡುವ ಹಿಂಗ ಹರಡಿ ಕುಂದರ್ತದ" ಎನ್ನುತ್ತ ಮೈನುದ್ದೀನ ಒಡಕು ಕಲ್ಲಿನ ರಾಶಿಯಿಂದ ಮೂರು ತುಂಡು ತೆಗೆದು ಸೀಳಿದ. ಎರಡರಲ್ಲಿ ಅಂಥದ್ದೇ ಗಿಡ. "ಕರಿ ಕಲಿ ಬಿದ್ದದ ಅಂತ ಗಿರಾಕಿ ಒಲ್ಲೆ ಅಂತಾರ ಇವನ್ನ."

ಅವಳ ಮುಖ ನೋಡಿ ಅವನ ದನಿ ಇಳಿಯಿತು. "ನಾ ಯಾರ ಮುಂದೂ ಹೇಳಂಗಿಲ್ಲವ್ವ. ನಿನ್ನ ಮನಿಗಿ ನಾಕ ಮಂದಿ ಬರಾಕತ್ತಾರ, ಬರ್ಲಿ."

ದಾರಿಯುದ್ದಕ್ಕೂ ಕಲ್ಲು ಕಂಕುಳಲ್ಲಿ ಭಾರವಾಯಿತು. ಬಾಯಿ ಮುಚ್ಚಿಕೊಂಡರೆ ಮನೆ ತುಂಬ ಮಂದಿ. ಬಾಯಿ ಬಿಟ್ಟರೆ ಮತ್ತೆ ಅದೇ ಒಂಟಿ ಗೋಡೆ. ಸುಮ್ಮನಿದ್ದರೆ ಯಾರ ಗಂಟು ಹೋಗುತ್ತದೆ ಎಂದು ತನಗೆ ತಾನೇ ನೂರು ಸಲ ಹೇಳಿಕೊಂಡಳು.

ಶುಕ್ರವಾರ ಮಣೆಯ ಮೇಲೆ ಕಲ್ಲು ಕೂತಿತು. ಅರಿಷಿಣ, ಕುಂಕುಮ, ಹೂವು. ಶಾಂತಾದೇವಿ ಹಚ್ಚಿದ ಆರತಿ ತಟ್ಟೆಯನ್ನು ತಾನೇ ಗುರುದೇವಿಯ ಕೈಗಿಟ್ಟಳು. ಏಳು ವರ್ಷ ಬಯಸಿದ್ದು ಕೈಯಲ್ಲಿತ್ತು, ಕೈ ಮಾತ್ರ ಮೇಲೇಳಲಿಲ್ಲ.

"ಅಕ್ಕಾ, ಇದು ತುಳಸಿ ಅಲ್ರಿ. ಪಳೆಯುಳಿಕೀನೂ ಅಲ್ಲ. ಬಿರುಕಿನಾಗ ನೀರು ಬಿಟ್ಟ ಕರಿ ಕಲಿ. ನಿನ್ನಿ ಕಣ್ಣಾರೆ ನೋಡಿ ಬಂದೇನಿ."

ಸುತ್ತ ಕೂತ ಹೆಂಗಸರ ಹಾಡು ನಿಂತಿತು.

"ನಿನ್ನಿ ಗೊತ್ತಾಗಿದ್ದು ಇವತ್ತ ಹೇಳಾಕತ್ತೀ?" ಶಾಂತಾದೇವಿ ಕೇಳಿದಳು.

"ಆಸಿ ಇತ್ರಿ. ನೀವು ಬರೂದು ನಿಂತೀತು ಅಂತ ಅಂಜಿದ್ದೆ."

ಹೆಂಗಸರು ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿಕೊಂಡರು. ಶಾಂತಾದೇವಿ ತಟ್ಟೆಗೆ ಕೈ ಚಾಚಿದಳು. "ಪದ್ಧತಿ ನಾ ಮಾಡಿದ್ದಲ್ಲವ್ವ, ನಮ್ಮತ್ತಿ ಹೇಳಿದ್ದು ನಡಸಾಕತ್ತೇನಿ. ನಾಳಿ ಯಾರಿಗರ ಏನರ ಆದ್ರ ಮಂದಿ ನನ್ನನ್ನ ಕೇಳ್ತಾರ. ಕೊಡು ಇತ್ಲಾಗ."

"ಕಲ್ಲಿಗಿ ನಡೀತಿತ್ತಲ್ರಿ ಈ ಕೈ. ಮನುಷ್ಯಾರಿಗಿ ಯಾಕ ನಡ್ಯಂಗಿಲ್ಲ?"

ಶಾಂತಾದೇವಿ ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಅಷ್ಟರಲ್ಲಿ ದೇವಿಕಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಂದು ಗುರುದೇವಿಯ ಎದುರು ಬರೀ ನೆಲದ ಮೇಲೆ ಕುಳಿತಳು.

"ನನಗ ಆರತಿ ಬೆಳಗ್ರಿ, ಚಿಗವ್ವ."

"ದೇವಿಕಾ, ಏಳು."

"ಕುಂತೇನ್ರಿ ಅತ್ತಿ."

ಶಾಂತಾದೇವಿ ಸೊಸೆಯ ಹೊಟ್ಟೆ ನೋಡಿದಳು, ಗುರುದೇವಿ ಹಿಡಿದಿದ್ದ ತಟ್ಟೆ ನೋಡಿದಳು. ಆಮೇಲೆ ಬಗ್ಗಿ, ಎರಡೂ ಕೈಯಿಂದ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿ, ಮಣೆಯನ್ನು ಸೊಸೆಯ ಕಡೆಗೆ ಸರಿಸಿದಳು.

"ಬಸರಿ ಹೆಣ್ಮಗಳು ಬರೇ ನೆಲದ ಮ್ಯಾಗ ಕೂಡಬಾರದು. ಇದರ ಮ್ಯಾಲ ಕೂಡು."