ಮೂವತ್ನಾಲ್ಕಕ್ಕೆ ಐದು

ಗುರುಪುರದ ಪಕ್ಕದ ಹಳ್ಳಿಯೊಂದರ ಹೈಸ್ಕೂಲಿನ ಹುಡುಗಿಯರ ಕಬಡ್ಡಿ ತಂಡ ಆರು ವರ್ಷ ಹೋಬಳಿ ಮಟ್ಟದ ಮೊದಲ ಆಟದಲ್ಲೇ ಸೋತಿತ್ತು. ಅದರಿಂದ ಯಾರಿಗೂ ಬೇಜಾರಿರಲಿಲ್ಲ. ಬೇಗ ಸೋತರೆ ಬೇಗ ಊಟ, ಆಮೇಲೆ ನೆರಳಲ್ಲಿ ಕೂತು ಐಸ್‌ಕ್ಯಾಂಡಿ ಚೀಪಬಹುದು. ದೈಹಿಕ ಶಿಕ್ಷಕ ಷಣ್ಮುಖಪ್ಪನವರೂ ‘ಸೋಲೇ ಗೆಲುವಿನ ಸೋಪಾನ’ ಎಂಬ ಭಾಷಣವನ್ನು ವರ್ಷಕ್ಕೊಮ್ಮೆ ಒಂದಕ್ಷರ ಬದಲಿಸದೆ ಒಪ್ಪಿಸುತ್ತಿದ್ದರು.

1999ರಲ್ಲಿ ತಂಡ ಗೆದ್ದುಬಿಟ್ಟಿತು.

ಮೊದಲ ಎದುರಾಳಿಗಳು ಬರಲೇ ಇಲ್ಲ. ಫೈನಲ್ಲಿನ ಕೊನೆಯ ರೈಡಿನಲ್ಲಿ ಒಂಬತ್ತನೇ ಕ್ಲಾಸಿನ ಶಾಂತಲಾ ಮೂವರನ್ನು ಕಾಲಿಗೆ ಕಟ್ಟಿಕೊಂಡೇ ತೆವಳಿ ನಡುಗೆರೆ ಮುಟ್ಟಿದಳು. ಕ್ಯಾಪ್ಟನ್ ರೂಪಶ್ರೀಗೆ ಗೆದ್ದವರು ಏನು ಮಾಡಬೇಕೆಂದು ಗೊತ್ತಿರಲಿಲ್ಲ. ತನಗೆ ಪ್ರತಿವರ್ಷ ಗೆದ್ದವರು ಹೇಳುತ್ತಿದ್ದುದನ್ನೇ ಸೋತವರಿಗೆ ಹೇಳಿದಳು: “ಮುಂದಿನ ಸಲ ನೋಡ್ಕಳಿ ಬುಡಿ.” ಷಣ್ಮುಖಪ್ಪ ಭಾಷಣಕ್ಕೆ ಎದ್ದು, “ಸೋಲೇ...” ಎಂದವರು ಹಾಗೇ ಕೂತರು.

ಹುಣಸೂರಿನಲ್ಲಿ ನಡೆಯುವ ತಾಲ್ಲೂಕು ಮಟ್ಟದ ಆಟಕ್ಕೆ ಇನ್ನೂ ಎರಡು ವಾರವಿತ್ತು. ಶಾಂತಲಾ ಮನೆಯಲ್ಲಿ ಹೊಗೆಸೊಪ್ಪನ್ನು ಒಣಹಾಕಲು ಕಡ್ಡಿಗೆ ಕಟ್ಟುವುದನ್ನು ನಿಲ್ಲಿಸಿದಳು.

“ಬೆರಳು ಉಳುಕುದ್ರೆ ತಾಲ್ಲೂಕಿಗೆ ಆಡೋರ್ ಯಾರವ್ವ?” ಎಂದಳು.

“ತಾಲ್ಲೂಕಾದ್ರೂ ಆಡು, ಜಿಲ್ಲೆಯಾದ್ರೂ ಆಡು. ಮೊದ್ಲು ಆ ಕಡ್ಡಿ ಇಡ್ಕೊ,” ಎಂದಳು ಅವಳ ತಾಯಿ ಚಿಕ್ಕಮಾದಮ್ಮ.

ಸ್ಕೂಲಿನಲ್ಲೂ ಅದೇ ಕತೆ. ಮೇಷ್ಟ್ರು ಪ್ರಾಕ್ಟೀಸಿಗೆ ಕರೆದರೆ ರೂಪಶ್ರೀ, “ಗೆದ್ದೋರ್ಗೆ ಯಾತಕ್ಕೆ ಸಾ ಪ್ರಾಕ್ಟೀಸು?” ಎಂದು ನಿಜವಾಗಿ ಅರ್ಥವಾಗದವಳಂತೆ ಕೇಳಿದಳು. ಷಣ್ಮುಖಪ್ಪನವರಿಗೂ ಗೆದ್ದು ಅಭ್ಯಾಸವಿರಲಿಲ್ಲ, ಸೀಟಿ ಜೇಬಿಗಿಟ್ಟುಕೊಂಡು ಒಳಗೆ ಹೋದರು.

ಹುಣಸೂರಿನಲ್ಲಿ ಅವರು ಮೂವತ್ನಾಲ್ಕಕ್ಕೆ ಐದರಲ್ಲಿ ಸೋತರು.

ಊಟದ ಪೊಟ್ಟಣಗಳನ್ನು ಯಾರೂ ಬಿಚ್ಚಲಿಲ್ಲ. ಮೇಷ್ಟ್ರು ಕೊನೆಗೂ ತಮ್ಮ ಕಾಲ ಬಂತೆಂದು ಗಂಟಲು ಸರಿಮಾಡಿಕೊಂಡರು. ಆರು ವರ್ಷ ತಲೆಯಾಡಿಸಿದ್ದ ತಂಡದ ಕಡೆಯಿಂದ, “ಸುಮ್ಕಿರಿ ಸಾ,” ಎಂಬ ಮಾತು ಬಂತು. ಹೇಳಿದವರು ಯಾರೆಂದು ಅವರು ವಿಚಾರಿಸಲಿಲ್ಲ.

ಊರಿನ ಬಸ್ಸಿನಲ್ಲಿ ಶಾಂತಲಾ ಕಿಟಕಿಗೆ ಮುಖ ಮಾಡಿ ಕೂತಿದ್ದಳು. “ಆ ಗೆರೆನೇ ಸೊಟ್ಟಗಿತ್ತು,” ಎಂದಳು.

“ಗೆರೆ ನೆಟ್ಟಗಿತ್ತು ಕಣೆ. ನೀನೇ ಸೊಟ್ಟಗೆ ಓಡ್ದೆ,” ಎಂದಳು ಹಿಂದಿನ ಸೀಟಿನ ರೂಪಶ್ರೀ.

ಶಾಂತಲಾಗೆ ಅಳು ಒತ್ತರಿಸಿ ಬಂತು. ಅವಳು ಅತ್ತಿದ್ದು ಕಂಡು ರೂಪಶ್ರೀಯೂ ಅತ್ತಳು. ಕಾಲು ಮೈಲಿ ದಾಟುವಷ್ಟರಲ್ಲಿ ಇಡೀ ತಂಡ ಬಿಕ್ಕುತ್ತಿತ್ತು. ಶಾಂತಲಾ ಪಕ್ಕದಲ್ಲಿ ಕೋಳಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿ ಅವಳ ಬೆನ್ನು ಸವರಿದಳು.

“ಅಳಬ್ಯಾಡ ಕಣವ್ವ. ಎಷ್ಟಾಗಿತ್ತು?”

“ಮೂವತ್ನಾಲ್ಕು,” ಎಂದಳು ಶಾಂತಲಾ ಬಿಕ್ಕುತ್ತ.

“ಅಯ್ಯೋ ಶಿವನೇ. ಬಾಳಿ ಬದುಕೋ ವಯಸ್ಸು,” ಎಂದ ಅಜ್ಜಿ ಸೆರಗಿನಿಂದ ತನ್ನ ಕಣ್ಣನ್ನೂ ಒರೆಸಿಕೊಂಡಳು. “ಮಕ್ಳೆಷ್ಟು?”

“ಏಳು ಜನ ಅಜ್ಜಿ. ಎಲ್ರೂ ಇಲ್ಲೇ ಅವ್ರೆ.”

ಅಜ್ಜಿ ಬಾಯಿಗೆ ಸೆರಗಿಟ್ಟುಕೊಂಡು ಏಳು ಹುಡುಗಿಯರನ್ನೂ ಒಬ್ಬೊಬ್ಬಳಾಗಿ ನೋಡಿದಳು. ಮೊದಲು ನಕ್ಕವಳು ರೂಪಶ್ರೀ. ಅಳುತ್ತಲೇ ನಗು ಬಂದು ಅವಳಿಗೆ ಬಿಕ್ಕಳಿಕೆ ಹಿಡಿಯಿತು. ಶಾಂತಲಾಗೆ ವಿಷಯ ತಿಳಿಯಲು ಇನ್ನೊಂದು ಸ್ಟಾಪು ಬೇಕಾಯಿತು. ಆಮೇಲೆ ಅವಳೂ ಅಂಥ ನಗು ನಕ್ಕಳೆಂದರೆ, ಅಜ್ಜಿ ಗಾಬರಿಯಾಗಿ ಬುಟ್ಟಿ ಎತ್ತಿಕೊಂಡು ಮುಂದಿನ ಸೀಟಿಗೆ ಹೋದಳು.

ಮರುದಿನ ಬೆಳಿಗ್ಗೆ ಆರಕ್ಕೆ ಯಾರೋ ಷಣ್ಮುಖಪ್ಪನವರ ಬಾಗಿಲು ಬಡಿದರು. ತಂಡವೆಲ್ಲ ಹೊರಗೆ ನಿಂತಿತ್ತು.

“ಸೀಟಿ ತಕ್ಕೊಂಡು ಬನ್ನಿ ಸಾ. ಗೆರೆ ಎಳ್ದಾಗದೆ,” ಎಂದಳು ಶಾಂತಲಾ.

ಮರುವರ್ಷ ಅವರು ಹುಣಸೂರಿನ ಫೈನಲ್ ತನಕ ಹೋಗಿ ಎರಡೇ ಪಾಯಿಂಟಿನಲ್ಲಿ ಸೋತರು. ಹುಡುಗಿಯರು ಕೊನೆಯ ರೈಡಿನ ಬಗ್ಗೆ ಜಗಳವಾಡುತ್ತಲೇ ಊಟ ಮುಗಿಸಿ, ಅನ್ನ ಸಾಲದೆಂದು ಮತ್ತೆ ಬಡಿಸಿಕೊಂಡರು. ಷಣ್ಮುಖಪ್ಪ ಮಾತ್ರ ಮುಖ ತೊಳೆಯುತ್ತೇನೆಂದು ನೀರಿನ ಟ್ಯಾಂಕಿನ ಹಿಂದೆ ಹೋದವರು ಬಹಳ ಹೊತ್ತು ಬರಲೇ ಇಲ್ಲ.