ಕಂಕುಳಿಗೆ ಹಿಮ್ಮಡಿ

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ವ್ಯಾಸರಾಜಾಚಾರ್ಯರು ನಂಜನಗೂಡಿನ ಹೊಳೆ ಮೆಟ್ಟಿಲ ಪಾಚಿಯ ಮೇಲೆ ಜಾರಿ ಬಿದ್ದು ಬಲಭುಜದ ಕೀಲು ತಪ್ಪಿಸಿಕೊಂಡರು. ಅವತ್ತೇ ದೊಡ್ಡ ಡಾಕ್ಟರು ರಜೆ ಹಾಕಿ ಊರಿಗೆ ಹೋಗಿರಬೇಕೆ! ಆಸ್ಪತ್ರೆಯಲ್ಲಿ ಉಳಿದಿದ್ದವನು ಪಕ್ಕದ ಹದಿನಾರು ಎಂಬ ಊರಿನ ಚಾಮಯ್ಯನ ಮಗ ಮಂಟೇಸ್ವಾಮಿ, ಅವನ ಕೇರಿಗೇ ಮೊದಲ ಡಾಕ್ಟರು. ಅವನಿಗೆ 'ಕೋಟಾ ಡಾಕ್ಟರು' ಎಂದು ನಾಮಕರಣ ಮಾಡಿದವರು ಇದೇ ಆಚಾರ್ಯರು. ಬೀದಿಯವರು ಆ ಹೆಸರನ್ನು ಪ್ರಸಾದದ ಹಾಗೆ ಹಂಚಿಕೊಂಡಿದ್ದರು.

ಆಸ್ಪತ್ರೆಯ ಮಂಚದ ಮೇಲೆ ಯಾರ್ಯಾರು ಮಲಗಿದ್ದರೋ, ಅಲ್ಲಿಗೆ ಆಚಾರ್ಯರು ಬರಲಾರರಂತೆ. ಡಾಕ್ಟರನ್ನೇ ಮನೆಗೆ ಕರೆಸಿದರು. ಕರೆಸಿದ ಮೇಲೆ ನೆನಪಾಯಿತು, ಈ ಡಾಕ್ಟರನ್ನು ಒಳಗೆ ಬಿಡುವ ಹಾಗಿಲ್ಲವಲ್ಲ! ಸರಿ, ನೋವಿನಲ್ಲಿ ಹಲ್ಲು ಕಚ್ಚಿಕೊಂಡಿದ್ದ ಮನುಷ್ಯನನ್ನೇ ಚಾಪೆಸಮೇತ ಹೊತ್ತು ತಂದು ಜಗುಲಿಯ ಮೇಲೆ ಮಲಗಿಸಿದರು. ನೋಡಲು ಬೀದಿಗೆ ಬೀದಿಯೇ ನೆರೆಯಿತು. ಮನೆತನದ ಮರ್ಯಾದೆ ಕಾಪಾಡುವುದೆಂದರೆ ಹೀಗೆ.

ಮಂಟೇಸ್ವಾಮಿ ಅದುವರೆಗೆ ಒಂದೂ ಭುಜ ಕೂರಿಸಿರಲಿಲ್ಲ. ತಪ್ಪಿದ ಭುಜವನ್ನು ಪುಸ್ತಕದಲ್ಲಿ ನೋಡಿದ್ದ. ಒಮ್ಮೆ ಪ್ರೊಫೆಸರು ಕೂರಿಸುವಾಗ ಹಿಂದಿನಿಂದ ಇಣುಕಿದ್ದ. ಅಷ್ಟೇ. ಇವತ್ತು ಮೂಳೆ ಕೂರದಿದ್ದರೆ ಆ ಕೋಟಾ ಎಂಬ ಹೆಸರು ಅವನ ಪೆನ್ಷನ್ನಿನವರೆಗೂ ಬಿಡುವುದಿಲ್ಲ. ಕೂರಿಸೋಣವೆಂದರೆ ಅದರ ವಿಧಾನ ಈ ಜಗುಲಿಯ ಮೇಲೆ ಬಾಯಿಬಿಟ್ಟು ಹೇಳುವಂಥದ್ದಲ್ಲ. ರೋಗಿಯ ಕಂಕುಳಿಗೆ ಹಿಮ್ಮಡಿ ಕೊಟ್ಟು, ತೋಳು ಹಿಡಿದು ಎಳೆಯಬೇಕು.

"ಮಡೀಲಿದ್ದೀನಿ. ಮುಟ್ಟದೆ ಆಗೋ ಹಾಗಿದ್ರೆ ನೋಡಪ್ಪ," ಎಂದು ಆಚಾರ್ಯರು ನರಳಿದರು.

"ಕೈಯಲ್ಲಿ ಮುಟ್ಟೋದು ಕಮ್ಮೀನೆ ಸ್ವಾಮಿ. ಹೆಚ್ಚಿನ ಕೆಲ್ಸ ಎಲ್ಲ ಕಾಲಿಂದು," ಎಂದ ಮಂಟೇಸ್ವಾಮಿ.

ಬೀದಿ ಬಾಯಿ ಬಿಟ್ಟುಕೊಂಡು ನಿಂತಿತು. ಆದರೆ ಶಾಸ್ತ್ರ ಎಲ್ಲಾದರೂ ಕೈಬಿಟ್ಟೀತೇ? ಆಚಾರ್ಯರ ಹೆಂಡತಿ ಜಲಜಮ್ಮ ಕೋಲಿನ ತುದಿಯಲ್ಲಿ ಮಡಿಯ ರೇಷ್ಮೆ ಮಗುಟವನ್ನು ತಂದರು. ರೇಷ್ಮೆಗೆ ಮೈಲಿಗೆಯಿಲ್ಲ, ಅದು ನಡುವೆ ಇದ್ದರೆ ಮುಟ್ಟಿದರೂ ಮುಟ್ಟಿದ ಹಾಗಲ್ಲ. ಕಂಕುಳಿಗೆ ಮಗುಟ ತುರುಕಿಸಿ, ಚಪ್ಪಲಿ ಕಳಚಿ, ಪಕ್ಕದಲ್ಲಿ ಕೂತು ಡಾಕ್ಟರು ಹಿಮ್ಮಡಿ ಒತ್ತಿ ಎಳೆದ. ರೇಷ್ಮೆ ಜಾರಿತು. ಹಿಮ್ಮಡಿ ಹೋಗಿ ಪಕ್ಕೆಗೆ ಗುದ್ದಿತು. ಆಚಾರ್ಯರ ಕೂಗಿಗೆ ಎದುರುಮನೆಯ ಕೂಸು ಎದ್ದು ಅಳತೊಡಗಿತು.

ಕೋಟಾ, ಕೋಟಾ ಎಂಬ ಗುಸುಗುಸು ಜಗುಲಿಯ ಕೆಳಗೆ ಹರಿದಾಡಿತು. ಜಾರಿದ್ದು ರೇಷ್ಮೆ, ಬೈಗುಳ ಮಂಟೇಸ್ವಾಮಿಗೆ! ಆ ಬಟ್ಟೆ ತೆಗೆಯದೆ ಇನ್ನು ಎಳೆಯುವುದಿಲ್ಲವೆಂದು ಕೈಕಟ್ಟಿ ಕೂತುಬಿಟ್ಟ. ಶಾಸ್ತ್ರಕ್ಕೂ ನೋವಿಗೂ ಕುಸ್ತಿ ಬಿತ್ತು. ಬಹಳ ಹೊತ್ತೇನೂ ನಡೆಯಲಿಲ್ಲ.

"ತೆಗೆಯೇ ಆ ಮಗುಟಾನ," ಎಂದರು ಆಚಾರ್ಯರು ಹೆಂಡತಿಗೆ. ಆಮೇಲೆ ಕಣ್ಣು ಮುಚ್ಚಿಕೊಂಡು ಡಾಕ್ಟರಿಗೆ ಹೇಳಿದರು, "ಕಾಲಿಡಪ್ಪ."

ಜಲಜಮ್ಮ ಕೋಲಿನಿಂದಲೇ ಬಟ್ಟೆ ಎಳೆದುಕೊಂಡರು. ಮಂಟೇಸ್ವಾಮಿ ಕಾಲಿಟ್ಟ. ಬರಿಯ ಹಿಮ್ಮಡಿ ಬರಿಯ ಮೈಗೆ ಗಟ್ಟಿಯಾಗಿ ನಿಂತಿತು. ಅವಸರ ಮಾಡದೆ ಎಳೆಯುತ್ತ ಹೋದ. ಒಳಗೆಲ್ಲೋ ಲಟಕ್ ಎಂದಿತು. ಆಚಾರ್ಯರ ಹುಬ್ಬಿನ ಗಂಟು ಬಿಚ್ಚಿತು. ಡಾಕ್ಟರಿಗೆ ಅಲ್ಲೇ ಎದ್ದು ಕುಣಿಯಬೇಕೆನ್ನಿಸಿತು.

ನೋವು ಇಳಿದದ್ದೇ ತಡ, ಆಚಾರ್ಯರಿಗೆ ಮಡಿ ನೆನಪಾಯಿತು. ಸ್ನಾನಕ್ಕೆ ನೀರು ತೋಡು ಎಂದರು. ಮಂಟೇಸ್ವಾಮಿ ತೋಳನ್ನು ಎದೆಗೆ ಸೇರಿಸಿ ಪಟ್ಟಿ ಬಿಗಿಯುತ್ತ, ಮೂರು ವಾರ ಇದನ್ನು ಬಿಚ್ಚುವಂತಿಲ್ಲ, ನೆನೆಸುವಂತಿಲ್ಲ, ಸ್ನಾನದ ಮಾತೇ ಇಲ್ಲ ಎಂದ. ಅದು ಪುಸ್ತಕದಲ್ಲೇ ಇದ್ದ ಮಾತು. ಹೇಳುವಾಗ ಅವನಿಗೆ ಖುಷಿಯಾಗಲಿಲ್ಲವೆಂದರೆ ಶುದ್ಧ ಸುಳ್ಳು.

ಸ್ನಾನವಿಲ್ಲದೆ ಮೈಲಿಗೆ ಕಳೆಯುವುದುಂಟೇ? ಆಚಾರ್ಯರು ಕುಡಿಯಲು ನೀರು ಕೇಳಿದಾಗ ಜಲಜಮ್ಮ ಚೊಂಬು ತಂದರು. ಆಕೆ ಇನ್ನೂ ಮಡಿಯಲ್ಲಿದ್ದರು. ಸೆರಗನ್ನು ಒತ್ತಿ ಹಿಡಿದು, ದೂರವೇ ನಿಂತು, ಚೊಂಬನ್ನು ಮೇಲೆತ್ತಿ, ಕೈಯೊಡ್ಡಿ ಎಂದರು. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಎಡಗೈ ಒಡ್ಡಿದರು. ನೀರು ಮೇಲಿನಿಂದ ಬಿತ್ತು, ಅರ್ಧದಷ್ಟು ಬೆರಳ ಸಂದಿಯಲ್ಲೇ ಇಳಿದುಹೋಯಿತು.

ಚಪ್ಪಲಿ ಮೆಟ್ಟುತ್ತಿದ್ದ ಮಂಟೇಸ್ವಾಮಿ ತಿರುಗಿ ನಿಂತ.

"ಬೆರಳು ಸಂದಿಲ್ದಂಗೆ ಸೇರಿಸ್ಕೊಳಿ ಸ್ವಾಮಿ, ಸೋರೋಯ್ತದೆ. ನಮ್ಮಪ್ಪ ನಂಗೆ ಮೊದ್ಲು ಕಲಿಸಿದ್ದು ಇದನ್ನೇ."